ವಿಯೆಟ್ನಾಂಗೆ ಇಬ್ಬರೇ ಹೊರಟರೆ: ಎಲ್ಲಿ ರೈಲು, ಎಲ್ಲಿ ವಿಮಾನ, ಮತ್ತೆ ಆ ಹೆಸರಿನ ಕಾಲಂ

(ಪಾಡ್‌ಕಾಸ್ಟ್ ಎಪಿಸೋಡ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಪಸ್ವಲ್ಪ ತಿದ್ದಲಾಗಿದೆ.)

ಏಪ್ರಿಲ್‌ನಲ್ಲಿ ಎರಡು ವಾರ ಎಪಿಸೋಡ್ ಬರಲಿಲ್ಲ, ಎಲ್ಲಿ ಹೋಗಿದ್ರಿ ಅಂತ ಕೇಳಿದ್ರಿ. ವಿಯೆಟ್ನಾಂಗೆ ಹೋಗಿದ್ವಿ ಅಂತ ಹೇಳಿದ್ದೇ ತಪ್ಪಾಯ್ತು. ಅವತ್ತಿಂದ ಬರ್ತಾ ಇರೋ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಪ್ಯಾಕೇಜ್ ತಗೊಂಡ್ರಾ, ನೀವೇ ಹೋದ್ರಾ? ರೈಲಿನಲ್ಲಿ ಓಡಾಡಿದ್ರಾ, ವಿಮಾನದಲ್ಲಾ? ಒಟ್ಟು ಎಷ್ಟಾಯ್ತು?

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡ್ತೀನಿ. ಇಬ್ಬರಿಗೆ, ಹತ್ತು ದಿನಕ್ಕೆ, ಬಸವೇಶ್ವರನಗರದ ನಮ್ಮ ಮನೆ ಬಾಗಿಲಿಂದ ವಾಪಸ್ ಮನೆ ಬಾಗಿಲವರೆಗೆ, ಒಂದು ಲಕ್ಷ ನಲವತ್ತು ಸಾವಿರ ರೂಪಾಯಿ. ಇದರಲ್ಲಿ ನಾಲ್ಕು ಸಾವಿರದಷ್ಟು ನನ್ನ ತಪ್ಪಿಗೆ ಕಟ್ಟಿದ ದಂಡ. ಅದನ್ನೂ ಹೇಳ್ತೀನಿ.

ದುಡ್ಡು ಎಲ್ಲಿಂದ ಬಂತು ಅಂತಾನೂ ಹೇಳಬೇಕು, ಯಾಕಂದ್ರೆ ಎಲ್ಲಾ ಲೆಕ್ಕ ಅಲ್ಲಿಂದಲೇ ಶುರುವಾಗೋದು. ನಾನು ಕೆಲಸ ಬಿಟ್ಟು ಪಾಡ್‌ಕಾಸ್ಟ್ ಮಾಡ್ತಾ ಇರೋಳು. ತಿಂಗಳ ಸಂಬಳ ಬರೋದು ನನ್ನ ಗಂಡನಿಗೆ ಮಾತ್ರ. ವಿಜಯನಗರದಲ್ಲಿ ಅಮ್ಮ ಸೇರಿಕೊಂಡಿದ್ದ ಒಂದು ಚೀಟಿಯಲ್ಲಿ ನನ್ನದೂ ಅರ್ಧ ಪಾಲಿತ್ತು. ಅದು ಎತ್ತಿದಾಗ ಕೈಗೆ ಬಂದಿದ್ದು ಒಂದೂವರೆ ಲಕ್ಷ. ಅದರ ಮೇಲೆ ಒಂದು ರೂಪಾಯಿ ಹಾಕೋ ಸ್ಥಿತಿ ನಮಗಿರಲಿಲ್ಲ. ರಜೆಯ ಕಥೆಯೂ ಅಷ್ಟೇ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, 18 ಗುಡ್ ಫ್ರೈಡೇ. ಎರಡು ವಾರಾಂತ್ಯದ ನಡುವೆ ಇವೆರಡೂ ಸಿಕ್ಕಿದ್ದರಿಂದ ನಾಲ್ಕು ರಜೆ ಹಾಕಿದ್ರೆ ಹತ್ತು ದಿನ ಕೂಡಿಬರ್ತಾ ಇತ್ತು. ಇಂಥ ಕ್ಯಾಲೆಂಡರ್ ಮತ್ತೆ ಯಾವಾಗ ಸಿಗುತ್ತೋ.

ಪ್ಯಾಕೇಜ್ ಯಾಕೆ ಬೇಡ ಅನ್ನಿಸ್ತು

ಮೊದಲು ನಾವೂ ಪ್ಯಾಕೇಜ್ ಕೇಳಿದ್ವಿ, ಸುಳ್ಳು ಹೇಳಲ್ಲ. ರಾಜಾಜಿನಗರದಲ್ಲಿ ಒಬ್ಬ ಏಜೆಂಟರು ಆರು ರಾತ್ರಿ, ಏಳು ಹಗಲಿಗೆ ಇಬ್ಬರಿಗೆ ಜಿಎಸ್‌ಟಿ ಸೇರಿ 1,90,000 ಅಂದ್ರು. ಅದರ ಮೇಲೆ 'ಟಿಸಿಎಸ್ 9,500' ಅಂತ ಇನ್ನೊಂದು ಸಾಲು. ನಮ್ಮ ಮಾವ ಕೆಂಗೇರಿಯಿಂದ ಫೋನ್ ಮಾಡಿ, "ಏನಮ್ಮಾ ಅದು, ಹೊಸ ತೆರಿಗೇನಾ? ಆ ದುಡ್ಡು ಹೋಯ್ತಾ?" ಅಂದ್ರು. ಇದು ತುಂಬಾ ಜನಕ್ಕೆ ಇರೋ ಗೊಂದಲ, ಸ್ವಲ್ಪ ನಿಂತು ಹೇಳ್ತೀನಿ.

ವಿದೇಶ ಪ್ರವಾಸದ ಪ್ಯಾಕೇಜನ್ನು ಇಲ್ಲಿನ ಟೂರ್ ಆಪರೇಟರ್ ಹತ್ರ ಕೊಂಡರೆ, ಅವರು ನಿಮ್ಮಿಂದ ಆದಾಯ ತೆರಿಗೆಯ ಲೆಕ್ಕಕ್ಕೆ ಮುಂಚಿತವಾಗಿ ಒಂದಿಷ್ಟು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟಬೇಕು. ಅದೇ ಟಿಸಿಎಸ್. ನಾವು ಹೊರಟಾಗ, 2025ರ ಏಪ್ರಿಲ್ 1ರಿಂದ, ಅದು ವರ್ಷಕ್ಕೆ 10 ಲಕ್ಷದವರೆಗೆ ಶೇ 5, ಅದಕ್ಕಿಂತ ಮೇಲಿನ ಮೊತ್ತಕ್ಕೆ ಶೇ 20 ಇತ್ತು. ಅದಕ್ಕೂ ಮುಂಚೆ ಈ ಗೆರೆ 7 ಲಕ್ಷದಲ್ಲಿತ್ತು. ಈ ದುಡ್ಡು ಕಳೆದು ಹೋಗಲ್ಲ. ನಿಮ್ಮ ಪ್ಯಾನ್ ಹೆಸರಲ್ಲಿ 26ಎಎಸ್‌ನಲ್ಲಿ ಕಾಣಿಸುತ್ತೆ, ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡ್ಕೋಬಹುದು, ತೆರಿಗೆ ಇಲ್ಲದಿದ್ರೆ ರೀಫಂಡ್ ಬರುತ್ತೆ. ಆದರೆ ಅಷ್ಟು ತಿಂಗಳು ಆ ದುಡ್ಡು ನಿಮ್ಮ ಕೈಯಲ್ಲಿ ಇರಲ್ಲ. ಚೀಟಿ ದುಡ್ಡಲ್ಲಿ ಹೊರಟವರಿಗೆ 9,500 ಅಂದ್ರೆ ನಾಲ್ಕು ರಾತ್ರಿ ಹೋಟೆಲ್.

ಬರೀ ವಿಮಾನದ ಟಿಕೆಟ್ ಕೊಂಡ್ರೆ, ಅಥವಾ ಬರೀ ಹೋಟೆಲ್ ಬುಕ್ ಮಾಡಿದ್ರೆ ಅದು ಪ್ಯಾಕೇಜ್ ಅಲ್ಲ. ಟಿಕೆಟ್, ವಸತಿ, ಆ ಬಗೆಯ ಬೇರೆ ಖರ್ಚು, ಇವುಗಳಲ್ಲಿ ಕನಿಷ್ಠ ಎರಡು ಒಟ್ಟಿಗೆ ಸೇರಿದ್ರೆ ಮಾತ್ರ ಪ್ಯಾಕೇಜ್ ಅಂತ 2023ರ ಜೂನ್‌ನಲ್ಲೇ ತೆರಿಗೆ ಮಂಡಳಿ ಸ್ಪಷ್ಟ ಮಾಡಿದೆ. ನಾವು ಒಂದೊಂದನ್ನೂ ಬಿಡಿಬಿಡಿಯಾಗಿ ಬುಕ್ ಮಾಡಿದ್ವಿ. ಟಿಸಿಎಸ್ ಪ್ರಶ್ನೆಯೇ ಬರಲಿಲ್ಲ.

ಏಜೆಂಟರನ್ನ ನಾನು ಬೈಯ್ತಾ ಇಲ್ಲ. ಆ ಪ್ಯಾಕೇಜ್‌ನಲ್ಲಿ ಗೈಡ್ ಇದ್ರು, ವ್ಯಾನ್ ಇತ್ತು, ಭಾರತೀಯ ಊಟ ಇತ್ತು. ಏಳು ದಿನದ ಪ್ಯಾಕೇಜಿಗೂ ಹತ್ತು ದಿನದ ನಮ್ಮ ಓಡಾಟಕ್ಕೂ ನೇರ ಹೋಲಿಕೆ ಸರಿಯೂ ಅಲ್ಲ. ನಮ್ಮ ಹತ್ರ ಅಷ್ಟು ದುಡ್ಡಿರಲಿಲ್ಲ, ಅಷ್ಟೇ ವಿಷಯ.

ಮೊದಲು ನಕ್ಷೆ

ವಿಯೆಟ್ನಾಂ ನಕ್ಷೆ ತೆಗೆದು ನೋಡಿ. ಉದ್ದಕ್ಕೆ, ಇಂಗ್ಲಿಷಿನ ಎಸ್ ಅಕ್ಷರದ ಥರ. ಮೇಲಿನ ತುದಿಯಲ್ಲಿ ರಾಜಧಾನಿ ಹನೋಯ್, ಕೆಳಗಿನ ತುದಿಯಲ್ಲಿ ಹೋ ಚಿ ಮಿನ್ಹ್ ಸಿಟಿ, ಅಂದ್ರೆ ಹಳೇ ಸೈಗಾನ್. ನಡುವೆ ಸಮುದ್ರದ ಪಕ್ಕ ಹುಯೆ ಮತ್ತು ದಾ ನಾಂಗ್. ಈ ಎರಡು ತುದಿಗಳನ್ನ ಸೇರಿಸೋದು ಒಂದೇ ಒಂದು ರೈಲು ಮಾರ್ಗ, 1,726 ಕಿಲೋಮೀಟರ್. ಫ್ರೆಂಚರು 1899ರಲ್ಲಿ ಶುರು ಮಾಡಿ 1936ರಲ್ಲಿ ಮುಗಿಸಿದ್ರು. 1954ರಲ್ಲಿ ದೇಶ ಎರಡಾದಾಗ ಮಾರ್ಗವೂ ಎರಡಾಯ್ತು. 1975ರ ಏಪ್ರಿಲ್ 30ಕ್ಕೆ ಯುದ್ಧ ಮುಗಿದು, 1976ರ ಕೊನೆಯ ದಿನ ಮತ್ತೆ ರೈಲು ಓಡಿತು. ಅದಕ್ಕೇ ಈ ರೈಲಿಗೆ 'ಥೋಂಗ್ ನ್ಯಾತ್' ಅನ್ನೋ ಹೆಸರು, ಏಕೀಕರಣ ಅಂತ ಅರ್ಥ. ಕರ್ನಾಟಕ ಏಕೀಕರಣದ ಕಥೆ ಓದಿ ಬೆಳೆದ ನಮಗೆ ಆ ಪದ ಬೇಗ ಅರ್ಥ ಆಗುತ್ತೆ.

ತುದಿಯಿಂದ ತುದಿಗೆ ಈ ರೈಲು 32ರಿಂದ 35 ಗಂಟೆ ತಗೊಳ್ಳುತ್ತೆ. ನಮ್ಮ ಬೆಂಗಳೂರು–ದೆಹಲಿ ರಾಜಧಾನಿ ಹೆಚ್ಚೂ ಕಡಿಮೆ ಅಷ್ಟೇ ಹೊತ್ತಲ್ಲಿ ಇದಕ್ಕಿಂತ ಆರುನೂರು ಕಿಲೋಮೀಟರ್ ಹೆಚ್ಚು ಓಡುತ್ತೆ. ಕಾರಣ, ಅಲ್ಲಿನದು ಇನ್ನೂ ಮೀಟರ್ ಗೇಜ್, ಬಹುಪಾಲು ಒಂದೇ ಹಳಿ. ಎದುರಿನ ರೈಲಿಗೆ ದಾರಿ ಬಿಡಬೇಕು, ತಿರುವಿನಲ್ಲಿ ನಿಧಾನ ಆಗಬೇಕು. ಇದನ್ನ ಹೇಳಿದಾಗ ಮಾವನ ಮುಖದಲ್ಲಿ ಒಂಥರಾ ಬೆಳಕು ಬಂತು. ಕೆಂಗೇರಿ ಮೇಲೆ ಹೋಗೋ ಮೈಸೂರು ಲೈನ್ ಮೀಟರ್ ಗೇಜ್ ಆಗಿದ್ದ ಕಾಲದಲ್ಲಿ ದಿನಾ ಮಂಡ್ಯಕ್ಕೆ ಓಡಾಡಿದವರು ಅವರು. "ಬೋಗಿ ಅಗಲ ಕಮ್ಮಿ ಇರುತ್ತೆ, ಜಾಸ್ತಿ ಅಲ್ಲಾಡುತ್ತೆ ನೋಡ್ಕೋ" ಅಂದ್ರು. ಅಲ್ಲಿ ಹೋಗಿ ನೋಡಿದ್ರೆ ಎರಡೂ ನಿಜ.

ಹನೋಯ್‌ನಿಂದ ಹೋ ಚಿ ಮಿನ್ಹ್‌ಗೆ ಗಂಟೆಗೆ 350 ಕಿಲೋಮೀಟರ್ ವೇಗದ ಹೊಸ ಮಾರ್ಗಕ್ಕೆ 2024ರ ನವೆಂಬರ್‌ನಲ್ಲಿ ಅವರ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅದು ಆಗೋವರೆಗೆ ಈ ಹಳೇ ಹಳಿಯೇ.

ಬೆಂಗಳೂರಿಂದ ಹೋಗೋಕೆ ಈಗ ಸುಲಭ. 2025ರ ಮಾರ್ಚ್‌ನಲ್ಲಿ ವಿಯೆಟ್‌ಜೆಟ್ ಬೆಂಗಳೂರಿನಿಂದ ಹೋ ಚಿ ಮಿನ್ಹ್ ಸಿಟಿಗೆ ನೇರ ವಿಮಾನ ಶುರು ಮಾಡಿತು. ಅದಕ್ಕೂ ಮೊದಲು ಕೋಲ್ಕತ್ತ ಸುತ್ತಿಕೊಂಡು ಹೋಗೋರೂ ಇದ್ರು. ಅಲ್ಲಿಂದ ಹನೋಯ್‌ಗೆ ಇಂಡಿಗೊ 2019ರಿಂದ ಇದೆ. ನೇರ ವಿಮಾನ ವಾರದಲ್ಲಿ ಎಲ್ಲಾ ದಿನ ಇರಲ್ಲ. ಮೊದಲು ವಿಮಾನದ ದಿನ ನೋಡಿ, ಆಮೇಲೆ ಆಫೀಸಲ್ಲಿ ರಜೆ ಕೇಳಿ. ಉಲ್ಟಾ ಮಾಡಬೇಡಿ.

ಹೆಸರಿನ ಕಾಲಂ

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನ ಹೇಳೋಕೇ ಈ ಎಪಿಸೋಡ್ ಮಾಡಿದ್ದು ಅಂದ್ಕೊಂಡ್ರೂ ಸರಿ.

ಭಾರತೀಯರಿಗೆ ವಿಯೆಟ್ನಾಂ ವೀಸಾ ಬೇಕು. ಇ–ವೀಸಾ ಸಿಗುತ್ತೆ. ಒಂದು ಸಲ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50 ಡಾಲರ್, 2023ರ ಆಗಸ್ಟ್ ಮಧ್ಯದಿಂದ 90 ದಿನದವರೆಗೂ ಕೊಡ್ತಾರೆ. ಸರ್ಕಾರಿ ವೆಬ್‌ಸೈಟ್ 'ಇವೀಸಾ ಡಾಟ್ ಜಿಒವಿ ಡಾಟ್ ವಿಎನ್'. ಅದೇ ಥರ ಹೆಸರಿಟ್ಕೊಂಡು ದುಪ್ಪಟ್ಟು ದುಡ್ಡು ಕೇಳೋ ಖಾಸಗಿ ಸೈಟ್‌ಗಳು ತುಂಬಾ ಇವೆ, ಕೊನೆಯಲ್ಲಿ ಜಿಒವಿ ಡಾಟ್ ವಿಎನ್ ಇದೆಯಾ ನೋಡಿ. ಯಾವ ವಿಮಾನ ನಿಲ್ದಾಣದಿಂದ ಒಳಗೆ ಬರ್ತೀರ, ಯಾವುದರಿಂದ ಹೊರಗೆ ಹೋಗ್ತೀರ ಅಂತಾನೂ ಅರ್ಜಿಯಲ್ಲಿ ಕೇಳ್ತಾರೆ. ಕಟ್ಟಿದ ದುಡ್ಡು ವಾಪಸ್ ಬರಲ್ಲ.

ನಾವು ಹಳೇ ಮೈಸೂರಿನ ಕಡೆಯವರು. ನಮಗೆ ಸರ್‌ನೇಮ್ ಅನ್ನೋದೇ ಇಲ್ಲ. ಇರೋದು ಹೆಸರು ಮತ್ತೆ ಇನಿಷಿಯಲ್. ಶಾಲೆ, ಆಧಾರ್, ಬ್ಯಾಂಕ್ ಎಲ್ಲಾ ಕಡೆ 'ರಮ್ಯಾ ಎಸ್' ಅಂತ ಇರುತ್ತೆ ಅಂದ್ಕೊಳ್ಳಿ. (ಇದು ನನ್ನ ಹೆಸರಲ್ಲ, ಉದಾಹರಣೆ.) ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಹಾಕೋ ಹಾಗಿಲ್ಲ, ಬಿಡಿಸಿ ಬರೀಬೇಕು. ಅಲ್ಲಿ 'ರಮ್ಯಾ ಶಿವಣ್ಣ' ಆಗುತ್ತೆ. ಕೆಲವರಿಗೆ ಶಿವಣ್ಣ ಅನ್ನೋದು ಸರ್‌ನೇಮ್ ಕಾಲಂನಲ್ಲಿ ಹೋಗಿರುತ್ತೆ. ನನ್ನಂಥ ಕೆಲವರಿಗೆ ಇಡೀ ಹೆಸರು ಗಿವನ್ ನೇಮ್‌ನಲ್ಲಿದ್ದು, ಸರ್‌ನೇಮ್ ಖಾಲಿ. ಪಾಸ್‌ಪೋರ್ಟ್ ಮಾಡಿಸಿದಾಗ ನನಗೆ ಹತ್ತೊಂಬತ್ತು, ಅಪ್ಪ ಪಕ್ಕದಲ್ಲಿ ಕೂತು "ಖಾಲಿ ಬಿಡು, ನಮಗೆಲ್ಲಿ ಸರ್‌ನೇಮು" ಅಂದಿದ್ರು. ತಪ್ಪೇನಲ್ಲ.

ಮಾರ್ಚ್‌ನಲ್ಲಿ ಒಂದು ರಾತ್ರಿ ಇಬ್ಬರ ವೀಸಾ ಅರ್ಜಿಯನ್ನೂ ನಾನೇ ತುಂಬಿದೆ. ಬ್ಯಾಂಕಿನ ಅರ್ಜಿ ತುಂಬಿ ತುಂಬಿ ಕೈಗೆ ಅಭ್ಯಾಸ ಆಗಿತ್ತು ನೋಡಿ, ನನ್ನ ಹೆಸರಿನ ಮುಂದೆ ಅಪ್ಪನ ಹೆಸರಿನ ಬದಲು ಒಂದೇ ಅಕ್ಷರ ಹಾಕಿಬಿಟ್ಟೆ. ವೀಸಾ ಬಂತು. ಫೈಲ್ ಸೇವ್ ಮಾಡಿಟ್ಟೆ, ತೆಗೆದು ಓದಲಿಲ್ಲ.

ಏಪ್ರಿಲ್ 6, ಭಾನುವಾರ. ಹೊರಡೋಕೆ ಆರು ದಿನ ಇದೆ. ಪ್ರಿಂಟ್ ತರೋಕೆ ಹೋದ ನನ್ನ ಗಂಡ ಅಂಗಡಿಯಿಂದಲೇ ಫೋನ್ ಮಾಡಿದ. "ನಿನ್ನ ಪಾಸ್‌ಪೋರ್ಟ್‌ನಲ್ಲಿ ಮಾವನ ಹೆಸರು ಪೂರ್ತಿ ಇದೆ ಅಲ್ವಾ? ಇದರಲ್ಲಿ ಇಲ್ಲ ಕಣೇ." ಹೊಟ್ಟೆ ತಣ್ಣಗಾಯ್ತು. ಟಿಕೆಟ್, ರೈಲು, ಹೋಟೆಲ್, ಎಲ್ಲಾ ಸೇರಿ ತೊಂಬತ್ತು ಸಾವಿರ ಆಗಲೇ ಕಟ್ಟಾಗಿತ್ತು, ಅದರಲ್ಲಿ ವಿಮಾನದ ಟಿಕೆಟ್ ಒಂದೂ ವಾಪಸ್ ಆಗೋದಲ್ಲ. ಅವನ ವೀಸಾ ಸರಿ ಇತ್ತು. ನನ್ನದು ಮಾತ್ರ ತಪ್ಪು.

ಹೀಗೇ ಹೋದ್ರೆ ಬಿಡ್ತಾರಾ? ಬಿಟ್ಟರೂ ಬಿಡಬಹುದು. ಆದರೆ ವಿಷಯ ಏನಂದ್ರೆ, ಅದನ್ನ ಮೊದಲು ತೀರ್ಮಾನ ಮಾಡೋದು ವಿಯೆಟ್ನಾಂನ ಅಧಿಕಾರಿ ಅಲ್ಲ, ದೇವನಹಳ್ಳಿಯ ಚೆಕ್–ಇನ್ ಕೌಂಟರ್‌ನಲ್ಲಿ ಕೂತಿರೋ ಹುಡುಗ ಅಥವಾ ಹುಡುಗಿ. ಕಾಗದ ಸರಿ ಇಲ್ಲದವರನ್ನ ಕರ್ಕೊಂಡು ಹೋದ್ರೆ ವಾಪಸ್ ತರೋ ಹೊಣೆ ಏರ್‌ಲೈನ್ ಮೇಲೆ ಬೀಳುತ್ತೆ. ಹಾಗಾಗಿ ಅವರು ಅನುಮಾನ ಬಂದ್ರೆ ನಿಲ್ಲಿಸ್ತಾರೆ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರಿಗೆ ಯುಎಇ 2022ರ ನವೆಂಬರ್‌ನಲ್ಲಿ ಬಾಗಿಲು ಹಾಕಿದ್ದು ನಿಮಗೆ ನೆನಪಿರಬಹುದು. ವಿಯೆಟ್ನಾಂ ಅಂಥ ನಿಯಮ ಮಾಡಿಲ್ಲ. ಆದರೂ ಹೆಸರಿನ ಜತೆ ಆಟ ಬೇಡ.

ಅವತ್ತೇ ಇನ್ನೊಂದು ಅರ್ಜಿ, ಇನ್ನೊಂದು 25 ಡಾಲರ್. ಮೂರು ಕೆಲಸದ ದಿನ ಅಂತ ಬರೆದಿತ್ತು. ಸೋಮವಾರ, ಮಂಗಳವಾರ, ಬುಧವಾರ ಅಂತ ಬೆರಳು ಮಡಚಿದ್ವಿ. ಆಮೇಲೆ ಗೊತ್ತಾಯ್ತು, ಸೋಮವಾರ ಏಪ್ರಿಲ್ 7 ಅಲ್ಲಿ ಸರ್ಕಾರಿ ರಜೆ. ಹುಂಗ್ ರಾಜರ ಸ್ಮರಣೆಯ ದಿನ, ಚಾಂದ್ರಮಾನದ ಹಬ್ಬ, ನಮ್ಮ ಯುಗಾದಿ ಥರ ಪ್ರತಿ ವರ್ಷ ತಾರೀಕು ಬದಲಾಗುತ್ತೆ. ಆ ವಾರ ಮನೆಯಲ್ಲಿ ಸರಿಯಾಗಿ ಮಾತೇ ಆಡಲಿಲ್ಲ ಇಬ್ಬರೂ. ಅವನು ಬೈಯಲಿಲ್ಲ, ಅದೇ ನನಗೆ ಕಷ್ಟ ಆಗಿದ್ದು. ಶುಕ್ರವಾರ ಮಧ್ಯಾಹ್ನ ಮೂರೂವರೆಗೆ ವೀಸಾ ಬಂತು. ಅಷ್ಟು ಹೊತ್ತಿಗೆ ಅತ್ತೆ ಎರಡು ಸಲ ಆಂಜನೇಯನ ಗುಡಿಗೆ ಹೋಗಿ ಬಂದಿದ್ರು.

ನಿಮಗೆ ಹೇಳೋದಿಷ್ಟು. ಪಾಸ್‌ಪೋರ್ಟ್‌ನ ಫೋಟೋ ಇರೋ ಪುಟದ ಕೆಳಗೆ, ಬಾಣದ ಗುರುತುಗಳಿರೋ ಎರಡು ಸಾಲು ಇರುತ್ತೆ. ಯಂತ್ರ ಓದೋದು ಅದನ್ನೇ. ವೀಸಾ ಅರ್ಜಿಯಲ್ಲಿ ಹೆಸರು ಬರೆಯುವಾಗ ಆಧಾರ್ ಮರೆತುಬಿಡಿ, ಆ ಸಾಲು ನೋಡಿ ಅಕ್ಷರ ಅಕ್ಷರ ತಾಳೆ ಹಾಕಿ. ವಿಮಾನದ ಟಿಕೆಟ್‌ನಲ್ಲಿ ಸರ್‌ನೇಮ್ ಕಡ್ಡಾಯ ಕೇಳ್ತಾರೆ. ಪಾಸ್‌ಪೋರ್ಟ್‌ನಲ್ಲಿ ಅದು ಖಾಲಿ ಇದ್ದರೆ ಏನು ತುಂಬಬೇಕು ಅಂತ ಒಂದೊಂದು ಏರ್‌ಲೈನ್ ಒಂದೊಂದು ಥರ ಹೇಳುತ್ತೆ. ದುಡ್ಡು ಕಟ್ಟೋ ಮುಂಚೆ ಅವರನ್ನ ಕೇಳಿ, ಉತ್ತರವನ್ನ ಇಮೇಲ್‌ನಲ್ಲಿ ಇಟ್ಕೊಳ್ಳಿ. ವೀಸಾ ಬಂದ ದಿನವೇ ತೆಗೆದು ಓದಿ. ಇಬ್ಬರೂ ಓದಿ, ಒಬ್ಬರದ್ದನ್ನ ಇನ್ನೊಬ್ಬರು.

ರೈಲು ಯಾವಾಗ, ವಿಮಾನ ಯಾವಾಗ

ಬಿ.ಕಾಂ.ನಲ್ಲಿ ಕಾಸ್ಟ್ ಅಕೌಂಟಿಂಗ್ ಓದುವಾಗ 'ಲ್ಯಾಂಡೆಡ್ ಕಾಸ್ಟ್' ಅಂತ ಒಂದು ಮಾತು ಬರುತ್ತೆ. ಮಾಲಿನ ಬೆಲೆ ಅಂದ್ರೆ ಬಿಲ್ಲಿನಲ್ಲಿರೋದಲ್ಲ. ಲಾರಿ ಬಾಡಿಗೆ, ತೆರಿಗೆ, ಹಮಾಲಿ ಎಲ್ಲಾ ಸೇರಿ ನಮ್ಮ ಗೋಡೌನ್ ಸೇರೋ ಹೊತ್ತಿಗೆ ಎಷ್ಟಾಯ್ತು ಅನ್ನೋದು. ಬಜೆಟ್ ವಿಮಾನದ ಟಿಕೆಟ್ ನೋಡುವಾಗ ಈ ಮಾತು ತಲೆಯಲ್ಲಿ ಇಟ್ಕೊಂಡಿದ್ದೆ.

ಹನೋಯ್‌ನಿಂದ ಹುಯೆಗೆ ಹೋಗಬೇಕಿತ್ತು, 688 ಕಿಲೋಮೀಟರ್. ಇಬ್ಬರಿಗೆ ವಿಮಾನ 7,000 ರೂಪಾಯಿ ತೋರಿಸ್ತು, ಒಂದೂಕಾಲು ಗಂಟೆ ಹಾರಾಟ. ರೈಲಿನ ನಾಲ್ಕು ಬರ್ತ್‌ನ ಎಸಿ ಕೋಣೆಯಲ್ಲಿ ಎರಡು ಬರ್ತ್‌ಗೆ 6,600, ಹದಿಮೂರು ಗಂಟೆಗಿಂತ ಮೇಲೆ. ನನ್ನ ಗಂಡ ವಿಮಾನ ಅಂದ. ನಾನು ಪೇಪರ್ ತಗೊಂಡು ಕೂತೆ. ಚೆಕ್–ಇನ್ ಬ್ಯಾಗ್‌ಗೆ ಸಾವಿರ. ಹನೋಯ್‌ನ ನೋಯ್ ಬಾಯ್ ವಿಮಾನ ನಿಲ್ದಾಣ ಊರಿಂದ ಇಪ್ಪತ್ತೈದು ಕಿಲೋಮೀಟರ್‌ಗಿಂತ ದೂರ, ಟ್ಯಾಕ್ಸಿಗೆ ಸಾವಿರ. ಹುಯೆಯಲ್ಲಿ ಇಳಿದ ಮೇಲೆ ಮತ್ತೆ ಏಳುನೂರು. ಆ ರಾತ್ರಿ ಹೋಟೆಲ್‌ಗೆ 2,200. ಹನ್ನೆರಡು ಸಾವಿರ ಹತ್ರ ಹೋಯ್ತು. ರೈಲಿಗೆ ಎರಡೂ ಕಡೆ ಟ್ಯಾಕ್ಸಿ ಸೇರಿ 6,900. ಹಾಸಿಗೆ ಅದರಲ್ಲೇ ಬಂತು, ಬ್ಯಾಗ್ ತೂಕ ಹಾಕೋಕೆ ಯಾರೂ ಇಲ್ಲ. ವಿಮಾನಕ್ಕೆ ಹಗಲಿನ ಐದಾರು ಗಂಟೆ ಹೋಗುತ್ತೆ. ರೈಲು ಹೋಗೋದು ರಾತ್ರಿ, ಸಂಜೆ ಏಳೂವರೆ ಹೊತ್ತಿಗೆ ಹೊರಟು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಇಳಿಸುತ್ತೆ.

ಅದೇ ದಾ ನಾಂಗ್‌ನಿಂದ ಹೋ ಚಿ ಮಿನ್ಹ್‌ಗೆ ಲೆಕ್ಕ ತಲೆಕೆಳಗಾಗುತ್ತೆ. 935 ಕಿಲೋಮೀಟರ್, ರೈಲಿಗೆ ಹದಿನೇಳು ಗಂಟೆ ಮೇಲೆ. ಒಂದು ರಾತ್ರಿಯಲ್ಲಿ ಮುಗಿಯಲ್ಲ, ಅರ್ಧ ಹಗಲು ತಿನ್ನುತ್ತೆ. ನಮ್ಮ ಒಟ್ಟು ಖರ್ಚನ್ನ ಹತ್ತು ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 14,000. ಅರ್ಧ ಹಗಲಿನ ಬೆಲೆ ಏಳು ಸಾವಿರ. ರೈಲಿನಲ್ಲಿ ಉಳಿಯೋದು ನಾಲ್ಕು ಸಾವಿರ. ಮೇಲಾಗಿ ದಾ ನಾಂಗ್ ವಿಮಾನ ನಿಲ್ದಾಣ ಊರೊಳಗೇ ಇದೆ, ನಮ್ಮ ಹಳೇ ಎಚ್‌ಎಎಲ್ ಥರ. ಅಲ್ಲಿ ವಿಮಾನ.

ಅಂದ್ರೆ ಕೇಳಬೇಕಾದ್ದು 'ರೈಲು ಅಗ್ಗವೋ, ವಿಮಾನವೋ' ಅಂತಲ್ಲ. ಈ ಪ್ರಯಾಣ ಒಂದು ರಾತ್ರಿಯೊಳಗೆ ಹಿಡಿಸುತ್ತಾ ಅಂತ. ಹಿಡಿಸಿದ್ರೆ ರೈಲು. ನಿದ್ದೆಯೇ ಬರಲ್ಲ ಅನ್ನೋರಿಗೆ ಇದು ಅನ್ವಯ ಆಗಲ್ಲ, ಅವರು ಯೋಚನೆ ಮಾಡದೆ ವಿಮಾನಕ್ಕೆ ಹೋಗಿ.

ಅಗ್ಗದ ವಿಮಾನದಲ್ಲಿ ಇನ್ನೊಂದು ಅಪಾಯ, ಬೇರೆ ಬೇರೆ ಟಿಕೆಟ್. ನಾವು ಹೋ ಚಿ ಮಿನ್ಹ್‌ನಲ್ಲಿ ಇಳಿದು ಅವತ್ತೇ ಹನೋಯ್‌ಗೆ ಇನ್ನೊಂದು ವಿಮಾನ ಹತ್ತಿದ್ವಿ. ಎರಡೂ ಬೇರೆ ಬುಕಿಂಗ್. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದ್ರೆ ಯಾರೂ ಹೊಣೆ ಅಲ್ಲ. ಇಮಿಗ್ರೇಷನ್ ಮುಗಿಸಿ, ಬ್ಯಾಗ್ ಎತ್ಕೊಂಡು, ಬೇರೆ ಟರ್ಮಿನಲ್‌ಗೆ ಹೋಗಿ, ಮತ್ತೆ ಚೆಕ್–ಇನ್ ಮಾಡಬೇಕು. ಆರು ಗಂಟೆ ಅಂತರ ಬಿಟ್ಟಿದ್ವಿ, ಎರಡು ಗಂಟೆ ಸುಮ್ನೆ ಕೂತ್ವಿ, ಬೇಜಾರಾಗಲಿಲ್ಲ. ಅಲ್ಲಿನ ತಾನ್ ಸೋನ್ ನ್ಯಾತ್ ನಿಲ್ದಾಣದಲ್ಲಿ ದೇಶದೊಳಗಿನ ವಿಮಾನಗಳಿಗೆ ಟಿ3 ಅಂತ ಹೊಸ ಟರ್ಮಿನಲ್ 2025ರ ಏಪ್ರಿಲ್‌ನಲ್ಲೇ ಉದ್ಘಾಟನೆ ಆಗಿದೆ. ನಿಮ್ಮ ಟಿಕೆಟ್‌ನಲ್ಲಿ ಟಿ1 ಇದೆಯಾ, ಟಿ3 ಇದೆಯಾ ನೋಡ್ಕೊಳ್ಳಿ.

ಏಳು ಕೆ.ಜಿ. ಕಥೆಯೂ ಇದೆ. ಕೈಚೀಲಕ್ಕೆ ಅಷ್ಟೇ ಮಿತಿ. ದಾ ನಾಂಗ್‌ನಲ್ಲಿ ನನ್ನ ಬ್ಯಾಗ್ ತೂಗಿದ್ರು, 9.4. ಹೆಚ್ಚುವರಿ ಏನಪ್ಪಾ ಅಂದ್ರೆ ಕಾಫಿಪುಡಿ. 1,900 ರೂಪಾಯಿ ಕಟ್ಟಿದೆ. ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯೋ ದೇಶ ಅದು, ನಿಜ. ಆದರೂ ಕರ್ನಾಟಕದಿಂದ ಹೋಗಿ ಕಾಫಿಪುಡಿಗೆ ದಂಡ ಕಟ್ಟಿ ತಂದವಳು ನಾನೊಬ್ಬಳೇ ಇರಬೇಕು ಅಂತ ಅತ್ತೆ ಈಗಲೂ ನೆಂಟರ ಮುಂದೆ ಹೇಳ್ತಾರೆ.

ಆ ರಾತ್ರಿ, ಆ ಬೆಳಿಗ್ಗೆ

ಹನೋಯ್ ಸ್ಟೇಷನ್‌ಗೆ ಎರಡು ಕಡೆ ಬಾಗಿಲಿದೆ, ನಮ್ಮ ಮೆಜೆಸ್ಟಿಕ್ ಸ್ಟೇಷನ್‌ಗೆ ಓಕಳಿಪುರಂ ಕಡೆ ಇನ್ನೊಂದು ಬಾಗಿಲು ಇರೋ ಹಾಗೆ. ಟ್ಯಾಕ್ಸಿಯವರಿಗೆ 'ಗಾ ಹನೋಯ್' ಅಂದ್ರೆ ಸಾಕು. ಗಾ ಅಂದ್ರೆ ಸ್ಟೇಷನ್, ಫ್ರೆಂಚಿನಿಂದ ಬಂದ ಪದ. ನಮ್ಮ ಅಜ್ಜಿ 'ಟೇಸನ್' ಅಂತಿದ್ದ ಹಾಗೆ. ದಕ್ಷಿಣಕ್ಕೆ ಹೋಗೋ ರೈಲಿಗೆ ಬೆಸ ಸಂಖ್ಯೆ, ಎಸ್‌ಇ1, ಎಸ್‌ಇ3 ಹೀಗೆ. ಉತ್ತರಕ್ಕೆ ಹೋಗೋದಕ್ಕೆ ಸಮ ಸಂಖ್ಯೆ. ಟಿಕೆಟ್ ರೈಲ್ವೆಯವರ 'ಡಿಎಸ್‌ವಿಎನ್ ಡಾಟ್ ವಿಎನ್' ಸೈಟ್‌ನಲ್ಲೂ ಸಿಗುತ್ತೆ, ಕಮಿಷನ್ ಸೇರಿಸಿ ಮಾರೋ ಬೇರೆ ಸೈಟ್‌ಗಳಲ್ಲೂ ಸಿಗುತ್ತೆ. ಎರಡನ್ನೂ ಹೋಲಿಸಿ ನೋಡಿ.

ಜೋಡಿಯಾಗಿ ಹೋಗೋರು ಇದನ್ನ ತಿಳ್ಕೊಂಡಿರಿ: ನಾಲ್ಕು ಬರ್ತ್‌ನ ಕೋಣೆಯಲ್ಲಿ ಉಳಿದ ಇಬ್ಬರು ಅಪರಿಚಿತರು. ಬಾಗಿಲು ಹಾಕ್ಕೋಬಹುದು, ಆದರೆ ನಾಲ್ಕು ಜನ ಒಳಗೆ. ಆರು ಬರ್ತ್‌ನ ಕೋಣೆ ಇನ್ನೂ ಅಗ್ಗ, ಅದರಲ್ಲಿ ಮೇಲಿನ ಬರ್ತ್‌ನಲ್ಲಿ ಎದ್ದು ಕೂರೋಕೂ ಆಗಲ್ಲ. ಕೆಳಗಿನದಕ್ಕೆ ದರ ಜಾಸ್ತಿ. ನಾವು ಒಂದೇ ಕಡೆಯ ಮೇಲೊಂದು ಕೆಳಗೊಂದು ತಗೊಂಡ್ವಿ. ಎದುರಿಗೆ ಒಬ್ಬ ಅಜ್ಜಿ, ಆಕೆಯ ಮೊಮ್ಮಗ. ಭಾಷೆ ಬರಲ್ಲ. ಅಜ್ಜಿ ಒಂದು ದೊಡ್ಡ ಚಕ್ಕೋತ ಸುಲಿದು ಮೊದಲ ತೊಳೆ ನಮಗೆ ಕೊಟ್ರು. ನಾವು ಕೋಡುಬಳೆ ಕೊಟ್ವಿ. ಮೊಮ್ಮಗ ಖಾರಕ್ಕೆ ಕಣ್ಣಲ್ಲಿ ನೀರು ಹಾಕ್ಕೊಂಡ, ಆಮೇಲೆ ಇನ್ನೊಂದು ಕೇಳಿದ.

ಮದುವೆ ಸರ್ಟಿಫಿಕೇಟ್ ಕೇಳ್ತಾರಾ ಅಂತ ಸುಮಾರು ಜನ ಮೆಲ್ಲಗೆ ಕೇಳಿದ್ದೀರ. ನಮ್ಮನ್ನ ಎಲ್ಲೂ ಕೇಳಲಿಲ್ಲ. ಹೋಟೆಲ್‌ನಲ್ಲಿ ಪಾಸ್‌ಪೋರ್ಟ್ ಮಾತ್ರ ತಗೊಂಡು ನೋಂದಾಯಿಸ್ತಾರೆ.

ಊಟ. ನನ್ನ ಗಂಡ ಪೂರ್ತಿ ಸಸ್ಯಾಹಾರಿ, ನಾನು ಮೊಟ್ಟೆವರೆಗೂ. ಬರೀ ತರಕಾರಿ ಅಂತ ಕೇಳಿದ್ರೆ ಸಾಲದು, ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತೆ. 'ಆನ್ ಚಾಯ್' ಅನ್ನಬೇಕು. ಬೌದ್ಧರು ಚಾಂದ್ರಮಾನದ ಮೊದಲ ದಿನ ಮತ್ತೆ ಹುಣ್ಣಿಮೆ ದಿನ ಮಾಂಸ ಬಿಡ್ತಾರೆ, ನಮ್ಮಲ್ಲಿ ಶನಿವಾರ ಬಿಡೋರ ಹಾಗೆ. ಹಾಗಾಗಿ ಆ ಪದ ಎಲ್ಲರಿಗೂ ಗೊತ್ತು. ಬೋರ್ಡ್ ಮೇಲೆ 'ಚಾಯ್' ಅಂತ ಕಂಡ್ರೆ ಟೀ ಅಂಗಡಿ ಅಂದ್ಕೋಬೇಡಿ. ರೈಲಿನ ಬೋಗಿ ತುದಿಯಲ್ಲಿ ಬಿಸಿನೀರಿನ ಯಂತ್ರ ಇತ್ತು. ಅತ್ತೆ ಕಟ್ಟಿಕೊಟ್ಟ ಹುರಿದ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು. ರಾತ್ರಿ ಊಟ ಮುಗೀತು.

ದುಡ್ಡಿನ ಲೆಕ್ಕ ಮೊದಲೆರಡು ದಿನ ತಲೆ ತಿನ್ನುತ್ತೆ. ನಾವು ಹೋದಾಗ ಒಂದು ರೂಪಾಯಿಗೆ ಮುನ್ನೂರು ಡಾಂಗ್ ಚಿಲ್ಲರೆ. ಕೊನೆಯ ಮೂರು ಸೊನ್ನೆ ಬಿಟ್ಟು, ಉಳಿದದ್ದನ್ನ 3.3ರಿಂದ ಗುಣಿಸ್ತಿದ್ವಿ. ಒಂದು ಲಕ್ಷ ಡಾಂಗ್ ಅಂದ್ರೆ ಆಗ 330 ರೂಪಾಯಿ. ಇಪ್ಪತ್ತು ಸಾವಿರದ ನೋಟೂ ನೀಲಿ, ಐದು ಲಕ್ಷದ ನೋಟೂ ನೀಲಿ. ಹುಯೆಯಲ್ಲಿ ರಸ್ತೆ ಬದಿ ಕಾಫಿ ಕುಡಿದು ನಾನು ಇಪ್ಪತ್ತು ಸಾವಿರ ಅಂದ್ಕೊಂಡು ಐದು ಲಕ್ಷ ಕೊಟ್ಟು ಹೊರಟಿದ್ದೆ. 66 ರೂಪಾಯಿಗೆ 1,650. ಆ ಹೆಂಗಸು ರಸ್ತೆ ದಾಟಿ ಓಡಿಬಂದು ನೋಟು ಕೈಗಿಟ್ಟು, ಮುಖಕ್ಕೆ ಬೈದ ಹಾಗೆ ಏನೋ ಹೇಳಿ ಹೋದ್ರು. ದೊಡ್ಡ ನೋಟನ್ನ ಬೇರೆ ಪರ್ಸ್‌ನಲ್ಲಿಡಿ.

ಇಡೀ ಪ್ರಯಾಣದಲ್ಲಿ ಒಂದೇ ಒಂದು ಹಗಲು ರೈಲು ಹತ್ತಬೇಕು ಅಂದ್ರೆ ಹುಯೆ–ದಾ ನಾಂಗ್ ಹತ್ತಿ. 103 ಕಿಲೋಮೀಟರ್, ಸುಮಾರು ಎರಡೂಮುಕ್ಕಾಲು ಗಂಟೆ. ಸಾಮಾನ್ಯ ಸೀಟಿಗೆ ತಲಾ ನಾನೂರು ರೂಪಾಯಿ. ನಡುವೆ ಹಾಯ್ ವಾನ್ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 57 ಸುರಂಗಗಳ ಆ ಘಟ್ಟ ಇಳಿದಿದ್ದೀರಲ್ಲ, ಅದನ್ನ ನೆನೆಸ್ಕೊಳ್ಳಿ. ಆದರೆ ಅಲ್ಲಿ ಕಿಟಕಿಯ ಒಂದು ಕಡೆ ಕಾಡು, ಇನ್ನೊಂದು ಕಡೆ ನೇರ ಕೆಳಗೆ ಸಮುದ್ರ. 2005ರಲ್ಲಿ ರಸ್ತೆಗೆ ಆರು ಕಿಲೋಮೀಟರ್ ಉದ್ದದ ಸುರಂಗ ಆಯ್ತು, ಬಸ್ಸು ಕಾರು ಬೆಟ್ಟದ ಹೊಟ್ಟೆಯೊಳಗೆ ಹೋಗ್ತವೆ. ರೈಲು ಮಾತ್ರ ಹಳೇ ದಾರಿಯಲ್ಲಿ ನೀರಿನ ಅಂಚಿಗೇ ತೆವಳ್ತಾ ಹೋಗುತ್ತೆ. ದಕ್ಷಿಣಕ್ಕೆ ಹೋಗುವಾಗ ಸಮುದ್ರ ಎಡಗಡೆ, ಸೀಟು ಆರಿಸುವಾಗ ನೆನಪಿರಲಿ. ಪ್ರವಾಸಿಗರಿಗೆಂದೇ ಈ ತುಂಡಿನಲ್ಲಿ 2024ರ ಮಾರ್ಚ್‌ನಿಂದ ಬೇರೆ ರೈಲೂ ಇದೆ, ಲಾಂಗ್ ಕೋ ಸ್ಟೇಷನ್‌ನಲ್ಲಿ ಫೋಟೋಗೆ ಅಂತ ಸ್ವಲ್ಪ ಹೊತ್ತು ನಿಲ್ಲಿಸ್ತಾರೆ. ನಮಗೆ ಮಾಮೂಲಿ ರೈಲೇ ಸಾಕಾಯ್ತು. ವೀಸಾ ವಾರದ ಆ ಮೌನ ಪೂರ್ತಿ ಕರಗಿದ್ದೂ ಅಲ್ಲೇ. ಇಬ್ಬರೂ ಒಂದೇ ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ವಿ, ಅವನು ಇದ್ದಕ್ಕಿದ್ದ ಹಾಗೆ, "ಇನಿಷಿಯಲ್ ಮೇಡಂ, ನೋಡಿ, ದೋಣಿ" ಅಂದ.

ಯಾವಾಗ ಹೋಗಬೇಕು ಅನ್ನೋದು ಚಿಕ್ಕ ಮಾತು. ಮಧ್ಯ ವಿಯೆಟ್ನಾಂನಲ್ಲಿ ಅಕ್ಟೋಬರ್, ನವೆಂಬರ್ ಭಾರಿ ಮಳೆಯ ತಿಂಗಳು, ನಮ್ಮ ದಸರಾ ರಜೆಗೆ ಯೋಚಿಸ್ತಾ ಇದ್ರೆ ಹುಯೆ ಕಡೆ ಬೇಡ. ಅವರ ಹೊಸ ವರ್ಷ 'ತೇತ್' ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತೆ, ಆಗ ಊರಿಗೆ ಹೋಗೋರ ನೂಕುನುಗ್ಗಲಿಗೆ ರೈಲಿನಲ್ಲಿ ಬರ್ತ್ ಸಿಗೋದು ಕಷ್ಟ. ಏಪ್ರಿಲ್ ಕೊನೆಗೂ ಅಷ್ಟೇ. 2025ರಲ್ಲಿ ಯುದ್ಧ ಮುಗಿದು 50 ವರ್ಷ ಅಂತ ಹೋ ಚಿ ಮಿನ್ಹ್‌ನಲ್ಲಿ ದೊಡ್ಡ ಮೆರವಣಿಗೆ. ನಾವು 21ಕ್ಕೇ ವಾಪಸ್ ಬಂದ್ವಿ, ಅಷ್ಟರಲ್ಲೇ ಬೀದಿ ತುಂಬಾ ಕೆಂಪು ಬಾವುಟ.

ಚೀಟಿ ದುಡ್ಡಲ್ಲಿ ಹತ್ತು ಸಾವಿರ ಉಳೀತು. ಅದಕ್ಕೀಗ ಬೇರೆ ಖರ್ಚು ಬಂದಿದೆ. ಮೀಟರ್ ಗೇಜ್ ರೈಲಿನ ವಿಡಿಯೋ ನೋಡಿದ ಮೇಲೆ ಮಾವ, "ನಾವೂ ಒಂದ್ಸಲ ಹೋಗಬಹುದಾ?" ಅಂದ್ರು. ಕೆಳಗಿನ ಬರ್ತ್ ಎರಡು ಬೇಕಂತೆ. ಇಬ್ಬರ ಹತ್ರಾನೂ ಪಾಸ್‌ಪೋರ್ಟ್ ಇಲ್ಲ. ಹೋದ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತು ಅರ್ಜಿ ತೆರೆದ್ವಿ. ಅತ್ತೆಗೆ ಆಧಾರ್‌ನಲ್ಲಿ ಗಂಡನ ಹೆಸರಿನ ಇನಿಷಿಯಲ್, ಶಾಲೆಯ ಟಿ.ಸಿ.ಯಲ್ಲಿ ಅಪ್ಪನದು, ಪ್ಯಾನ್‌ನಲ್ಲಿ ಇನಿಷಿಯಲ್ಲೇ ಇಲ್ಲ. ಸರ್‌ನೇಮ್ ಅನ್ನೋ ಕಾಲಂ ಮೇಲೆ ಕರ್ಸರ್ ಮಿನುಗ್ತಾ ಇದೆ. ಇವತ್ತಿಗೆ ನಾಲ್ಕು ದಿನ ಆಯ್ತು.